ಒಳಗಿನ ಗಂಟೆ

ಚಟ್ಟ ಎತ್ತಿ ಭುಜಕ್ಕೆ ಕೊಡುವಷ್ಟರಲ್ಲಿ ಗಂಟೆಯ ಸದ್ದಾಯಿತು. ಮುಂದೆ ನಿಂತಿದ್ದ ಪ್ರಭುದೇವರು ಚಪ್ಪಲಿ ಬಿಟ್ಟು ಕೈಮುಗಿದರು. ತೀರಿಕೊಂಡ ಶಶಿಗೆ ವಿಮಾ ಕಂಪನಿಯಲ್ಲಿ ಮೇಲಧಿಕಾರಿ ಅವರು. ಗವಿಪುರದ ಈ ಮನೆಗೆ ಬಂದದ್ದು ಇದೇ ಮೊದಲು.

“ಮಂಗಳಾರತಿ ಆಗ್ತಿದೆ. ಒಂಚೂರು ತಡೀರಪ್ಪಾ,” ಎಂದರು. “ಪುಣ್ಯವಂತೆ. ಹೊರಡೋ ಹೊತ್ತಿಗೆ ಸರಿಯಾಗಿ ಗಂಗಾಧರೇಶ್ವರನ ಗಂಟೆ.”

“ಗುಡಿ ಎಲ್ಲಿ, ಗಂಟೆ ಎಲ್ಲಿ ಸ್ವಾಮಿ!” ಎಂದಳು ಶಶಿಯ ಗಂಡನ ಅಕ್ಕ ಜಾನಕಮ್ಮ. “ಅದು ನಮ್ಮಮ್ಮ. ಒಳಗೆ ಮಲಗಿ ಹಗ್ಗ ಎಳೀತಿದಾಳೆ. ಬೆಳಿಗ್ಗೆಯಿಂದ ಇದೇ ಆಗೋಯ್ತು. ನೀರು ಕೊಟ್ರೆ ಬೇಡ, ಗಂಜಿ ಕೊಟ್ರೆ ಬೇಡ, ಬಟ್ಟೆ ಬದಲಾಯಿಸಿದ್ರೂ ಸುಮ್ನಾಗ್ಲಿಲ್ಲ.”

ಪ್ರಭುದೇವರ ಮುಗಿದ ಕೈ ಹಾಗೇ ನಿಂತಿತು. “ಹಾಗಾದ್ರೆ ನಾನು ಇಷ್ಟು ವರ್ಷ ಫೋನಲ್ಲಿ ಕೇಳಿ ಕೈಮುಗಿದಿದ್ದು...?”

“ನಮ್ಮಮ್ಮನಿಗೆ ಸರ್,” ಎಂದ ಶಶಿಯ ಗಂಡ ರವಿಕುಮಾರ. ಅತ್ತು ಊದಿದ ಅವನ ಮುಖದಲ್ಲಿ ಎಲ್ಲೋ ಒಂದು ಎಳೆ ನಗು ಸುಳಿಯಿತು.

* * *

ನಾರಾಯಣಮ್ಮನಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಹೋದಾಗ ಸೊಸೆ ಶಶಿ ಕಚೇರಿಯ ಕೆಲಸವನ್ನು ಮನೆಗೆ ತಂದುಕೊಂಡಳು. ನಡುಮನೆಯ ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಮೇಲೆ ಮೊಳೆಗೆ ತೂಗುಹಾಕಿದ ಹಸುವಿನ ಕೊರಳಗಂಟೆ. ಅತ್ತೆ ಮದುವೆಯಾಗಿ ಬಂದಾಗ ತವರಿನಿಂದ ಹೊಡೆದುಕೊಂಡು ಬಂದ ಹಸುವಿನದು ಅದು. ಗಂಟೆಗೆ ಕಟ್ಟಿದ ಹಗ್ಗ ಗೋಡೆಗುಂಟ ಸಾಗಿ, ಕೋಣೆ ಹೊಕ್ಕು, ಅತ್ತೆಯ ಎಡಗೈ ಮಣಿಕಟ್ಟಿನಲ್ಲಿ ಮುಗಿಯುತ್ತಿತ್ತು.

ಕಿವಿಯಲ್ಲಿ ಯಾರದೋ ಆಸ್ಪತ್ರೆ ಬಿಲ್ಲಿನ ತಕರಾರು, ಮಡಿಲಲ್ಲಿ ಸೋಸುವ ಸೊಪ್ಪು, ಒಲೆಯ ಮೇಲೆ ಅತ್ತೆಯ ಗಂಜಿ. ಒಂದು ದಿನ ಮೀಟಿಂಗಿನ ನಡುವೆ ಗಂಟೆ ಕೇಳಿ ಪ್ರಭುದೇವರು, “ಏನಮ್ಮ ಅದು ಸದ್ದು?” ಎಂದರು. ಕೆಲಸ ಹೋದೀತೆಂದು ಹೆದರಿದವಳ ಬಾಯಿಂದ “ಪಕ್ಕದಲ್ಲೇ ದೇವಸ್ಥಾನ ಸರ್” ಎಂದು ಬಂದುಬಿಟ್ಟಿತು. ಭಗವಂತ ತನ್ನ ಸೇವೆಯನ್ನು ಯಾವ ಯಾವ ದಾರಿಯಲ್ಲಿ ಮಾಡಿಸಿಕೊಳ್ಳುತ್ತಾನೋ ಬಲ್ಲವರಾರು! ದೈವಭಕ್ತ ಪ್ರಭುದೇವರು ಅಂದಿನಿಂದ ಗಂಟೆ ಕೇಳಿದಾಗಲೆಲ್ಲ ಮಾತು ನಿಲ್ಲಿಸಿ, “ಹೋಗಿ ಕೈಮುಗಿದು ಬನ್ನಿ” ಎನ್ನುವರು. ಅವಳು ಹೋಗಿ ಅತ್ತೆಯ ಮಗ್ಗುಲು ತಿರುಗಿಸಿ, ಮೈ ಒರೆಸಿ, ಬಂದು ಮತ್ತೆ ಬಿಲ್ಲು ಹಿಡಿಯುವಳು. ಅವಳ ಕೈಗೆ ಬಂದ ಕೆಲಸ ಮರುದಿನಕ್ಕೆ ಉಳಿಯುತ್ತಿರಲಿಲ್ಲ. ಅತ್ತೆಯ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ.

“ದೇವರ ಹೆಸ್ರಲ್ಲಿ ಸುಳ್ಳು ಹೇಳ್ತೀಯಲ್ಲೇ,” ಎಂದು ರವಿಕುಮಾರ ಒಮ್ಮೆ ಛೇಡಿಸಿದ.

“ಸುಳ್ಳೇನ್ರೀ? ಒಳಗಿರೋದು ದೇವ್ರೇ. ಅಭಿಷೇಕ ಮಾತ್ರ ತಾನೇ ಮಾಡ್ಕೊಂಬಿಡತ್ತೆ.”

ಕೋಣೆಯಿಂದ ಹಗ್ಗ ಜಗ್ಗಿದ್ದು ಕೋಪಕ್ಕೋ ನಗುವಿಗೋ ತಿಳಿಯಲಿಲ್ಲ.

* * *

ಗಂಟೆ ಮತ್ತೆ ಸದ್ದು ಮಾಡಿತು. ಮೆಲ್ಲಗೆ, ಬಿಟ್ಟು ಬಿಟ್ಟು.

“ಹೊರಡ್ರಪ್ಪಾ, ವ್ಯಾನ್‌ನೋನು ಕೂಗಾಡ್ತಿದಾನೆ,” ಎಂದಳು ಜಾನಕಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮನೇಲಿ ಕೂತು ಕೆಲ್ಸ ಮಾಡೋಳಿಗೆ ಏನ್ ಮಹಾ ಕಷ್ಟ ಅಂತಿದ್ದೆ. ಅರ್ಧ ದಿನಕ್ಕೇ ನನ್ ಸೊಂಟ ಬಿದ್ದೋಯ್ತು.”

ಪ್ರಭುದೇವರ ಹಿಂದಿದ್ದ ಹುಡುಗಿಯೊಬ್ಬಳು ಮುಂದೆ ಬಂದಳು. ಶಿವರಂಜಿನಿ, ದಿನವಿಡೀ ಶಶಿಯ ಜೊತೆ ಫೋನಿನಲ್ಲೇ ಕೆಲಸ ಮಾಡಿದವಳು. ಕಚೇರಿಯಲ್ಲಿ ಅವಳೊಬ್ಬಳಿಗೆ ಶಶಿ ನಿಜ ಹೇಳಿದ್ದಳು.

“ಅಮ್ಮಾ, ಈ ಸದ್ದು ನಂಗೊತ್ತು. ಜೋರಾಗಿ ಎಳೆದ್ರೆ ಬಟ್ಟೆ ಒದ್ದೆ ಆಗಿದೆ ಅಂತ. ಹೀಗೆ ಬಿಟ್ಟು ಬಿಟ್ಟು ಎಳೆದ್ರೆ... ಶಶಿ ಅಕ್ಕ ಹೇಳೋರು, ‘ದೇವರಿಗೆ ಏನೂ ಬೇಡ್ವಂತೆ ಕಣೇ, ನಾನು ಪಕ್ಕದಲ್ಲಿ ಕೂತ್ರೆ ಸಾಕಂತೆ.’”

ಹಿಂದಿನ ಸಂಜೆ ಮೇಜಿಗೆ ತಲೆಯಾನಿಸಿದ ಶಶಿ ಏಳದೆ ಹೋದಾಗಿನಿಂದ ಹೆಣ ನಡುಮನೆಯಲ್ಲೇ ಇತ್ತು. ಗೋಡೆಯಾಚೆಯ ಮುದುಕಿಗೆ ಸುದ್ದಿ ಹೇಳಿದ್ದರು. ಸೊಸೆಯ ಮುಖ ತೋರಿಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

“ಇಳಿಸಿ,” ಎಂದ ರವಿಕುಮಾರ.

“ಬೇಡ ರವಿ! ಹೊರಗೆ ತಂದ ಹೆಣ ಮತ್ತೆ ಒಳಗೆ ಹೋಗಬಾರ್ದು. ಮನೆಗೆ ಒಳ್ಳೇದಲ್ಲ ಕಣೋ.”

“ಅಮ್ಮ ಕರೆದಾಗ ಅವಳು ಒಂದಿನಾನೂ ಹೋಗ್ದೆ ಇದ್ದಿದ್ದಿಲ್ಲ ಅಕ್ಕ. ಇವತ್ತೂ ಹೋಗ್ಲಿ.”

ಕಟ್ಟು ಬಿಚ್ಚಿ, ಚಾಪೆಯ ಸಮೇತ ಒಳಗೆ ತಂದರು. ಬೇಡವೆಂದ ಜಾನಕಮ್ಮನೇ ಓಡಿಹೋಗಿ ಮೇಜು ಸರಿಸಿ ದಾರಿ ಮಾಡಿದಳು. ಮಂಚದ ಮೇಲೆಯೇ, ಅತ್ತೆಯ ಎಡಮಗ್ಗುಲಿಗೆ ಮಲಗಿಸಿದರು.

ನಾರಾಯಣಮ್ಮ ಸೊಸೆಯ ಕುಂಕುಮದ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. ಕೆನ್ನೆ ಸವರಿದಳು. ಕೈಯನ್ನು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಮಲಗಿದಳು. ಬೀದಿಯಲ್ಲಿ ವ್ಯಾನಿನ ಹಾರನ್ ಕೂಡ ನಿಂತಿತು. ಆಮೇಲೆ ಮಣಿಕಟ್ಟನ್ನು ಬಾಯಿಗೆ ತಂದು, ಹಲ್ಲಿನಿಂದ ಹಗ್ಗದ ಕುಣಿಕೆ ಸಡಿಲಿಸಿ, ಅದನ್ನು ಶಶಿಯ ಮರಗಟ್ಟಿದ ಬೆರಳಿಗೆ ತೊಡಿಸಿದಳು.

“ಏನ್ ಮಾಡ್ತಿದಾಳೋ?” ಜಾನಕಮ್ಮ ಪಿಸುಗುಟ್ಟಿದಳು.

ಹೆಣ ಎತ್ತಿದಾಗ ಹಗ್ಗ ಬಿಗಿಯಾಯಿತು. ನಡುಮನೆಯಲ್ಲಿ, ಖಾಲಿ ಕುರ್ಚಿಯ ಮೇಲ್ಗಡೆ, ಗಂಟೆ ಒಂದು ಸಲ ಸದ್ದು ಮಾಡಿತು. ಕುಣಿಕೆ ಬೆರಳಿನಿಂದ ಜಾರಿ ಬಿತ್ತು.

ಪ್ರಭುದೇವರು ಮತ್ತೆ ಕೈಮುಗಿದರು. ಮಂಚದ ಮೇಲೆ, ಕರೆಗೆ ಓಗೊಟ್ಟಂತೆ, ನಾರಾಯಣಮ್ಮನ ಎಡಗಾಲು ಹೊದಿಕೆಯಿಂದ ಹೊರಬಂದು, ಅಂಚಿನಿಂದ ಕೆಳಗಿಳಿದು, ನೆಲ ಎಲ್ಲಿದೆಯೆಂದು ತಡಕಾಡುತ್ತಿತ್ತು.