ಧನು ಬರೆದ ಜೆರ್ಸಿ

ಇದು ನಡೆದದ್ದೇ, ಕಣ್ಣಾಣೆ. ಸುಳ್ಳಾದರೆ ಇನ್ನು ಮೇಲೆ ನಾನು ಹಾಕುವ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯದೇ ಹೋಗಲಿ. ಗಾಳಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಮ್ಮಿ ಆದೀತು. ಡಚ್ಚರ ನಾಡಿನ ಈ ಆಲ್ಮೆರೆ ಊರಿನ ಗಾಳಿ ಅಂಥದ್ದು. ಆಫೀಸಿಗೆ ಹೊರಟಿದ್ದ ನಮ್ಮ ಪದ್ಮಿನಿಯ ಕೊಡೆಯನ್ನು ಕಿತ್ತುಕೊಂಡು ಅವಳ ರೈಲಿಗಿಂತ ಮುಂಚೆ ಆಮ್‌ಸ್ಟರ್‌ಡಾಮ್ ಮುಟ್ಟಿಸಿದೆ. ಉಳಿದದ್ದೆಲ್ಲ ನಿಜ.

ಆ ಗುರುವಾರ ಮಧ್ಯಾಹ್ನ ಪದ್ಮಿನಿಯ ಗಂಡ ಶ್ರೀಕರ ಊಟದ ಮೇಜಿನ ಮೇಲೆ ಮಗಳ ಡ್ರಾಯಿಂಗ್ ಹಾಳೆ ಹರಡಿಕೊಂಡು, ಹಲ್ಲುನೋವು ಬಂದವನ ಹಾಗೆ ಮುಖ ಹಿಂಡಿಕೊಂಡು ಕೂತಿದ್ದ. ಗುರುವಾರ ಅವನಿಗೆ ಪಾಪಾದಾಖ್. ಅಂದರೆ, ಅಪ್ಪಂದಿರು ಆಫೀಸಿಗೆ ಹೋಗದೆ ಮಕ್ಕಳನ್ನು ನೋಡಿಕೊಳ್ಳಲಿ ಅಂತ ಈ ದೇಶದವರು ಮಾಡಿಕೊಂಡಿರುವ ದಿನ. ಮೈಸೂರಿನಲ್ಲಿ ಅವನ ಅಪ್ಪನಿಗೆ ಇದನ್ನು ಹೇಳಿದಾಗ, "ಹಬ್ಬವೇನೋ ಸರಿ, ಸಿಹಿ ಏನು ಮಾಡ್ತೀರಪ್ಪಾ?" ಅಂತ ಕೇಳಿದ್ದರು. ಸಿಹಿ ಏನೂ ಇಲ್ಲ, ಬಟ್ಟೆ ಒಗೆಯುವುದು. ಮಗಳು ಧನುಶ್ರೀ ಫುಟ್‌ಬಾಲ್ ಆಡಿ ಬಂದಳೆಂದರೆ ಅರ್ಧ ಮೈದಾನ ಅವಳ ಜೊತೆಗೇ ಮನೆಗೆ ಬರುತ್ತಿತ್ತು. ಅವಳ ಕಾಲುಚೀಲ ಕೊಡವಿದ ಮಣ್ಣಿನಲ್ಲೇ ಶ್ರೀಕರ ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆದಿದ್ದ. ಆದರೂ ಬಾಗಿಲಲ್ಲಿ ಪ್ರತಿ ಸಲವೂ ಅದೇ ಮಾತು: "ಮತ್ತೆ ಕೆಸರಾ? ಬೀಳದೆ ಆಡಕ್ಕೆ ಬರಲ್ವಾ ನಿಂಗೆ?"

ಶಾಲೆಯಲ್ಲಿ ಯುಫ್ ಆನ್ನೆಕೆ ಒಂದು ಕೆಲಸ ಕೊಟ್ಟಿದ್ದಳು. ಯುಫ್ ಅಂದರೆ ಇಲ್ಲಿ ಟೀಚರಮ್ಮ. ದೇಶದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಹೊಸ ಜೆರ್ಸಿ ಬರೆದು ತನ್ನಿ, ಶುಕ್ರವಾರ ಅಪ್ಪ ಅಮ್ಮಂದಿರ ಎದುರಿಗೆ ಅದರ ಬಗ್ಗೆ ಹೇಳಿ, ಆಮೇಲೆ ಎಲ್ಲವನ್ನೂ ಕಿಟಕಿಗೆ ಅಂಟಿಸಿ ಇಡೀ ಬೀದಿಗೆ ತೋರಿಸೋಣ. ಧನು ವಾರವೆಲ್ಲ ರೂಮಿನ ಬಾಗಿಲು ಹಾಕಿಕೊಂಡು ಬರೆದಳು. ಇವತ್ತು ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಗೆಳತಿ ಫೆಮ್ಕೆಯ ಜೊತೆ ಆಡಲು ಓಡಿದ್ದಳು.

ಶ್ರೀಕರ ಬಿಚ್ಚಿ ನೋಡಿದ. ಈ ದೇಶದ ತಂಡದ ಕಿತ್ತಳೆ ಬಣ್ಣವೇನೋ ಸರಿಯಾಗೇ ಇತ್ತು. ಆದರೆ ಎದೆ, ತೋಳು, ಬೆನ್ನು, ಎಲ್ಲೆಂದರಲ್ಲಿ ಕಂದು ಕಲೆ. ಬ್ರಷ್ ಒದರಿದ ಹಾಗೆ.

"ಕಾಫಿ ಚೆಲ್ಲಿದ ಹಾಗಿದೆ ಕಣೆ," ಎಂದು ಹೆಂಡತಿಗೆ ಫೋನ್ ಮಾಡಿದ. "ನಾಳೆ ಎಲ್ಲರ ಅಪ್ಪ ಅಮ್ಮಂದಿರೂ ಬರ್ತಾರೆ."

"ಚೆಲ್ಲಿದ್ರೆ ಚೆಲ್ಲಿರ್ಲಿ ಬಿಡ್ರೀ. ಮಗೂದು ಮಗೂನೇ ಮಾಡ್ಲಿ."

"ನಮ್ ಸ್ಕೂಲಲ್ಲಿ ಯಾವ ಮಗು ಮಾಡ್ತಿತ್ತು ಹೇಳು?"

"ಅದು ಮೈಸೂರು. ನಂಗೆ ಮೀಟಿಂಗಿದೆ, ಇಡ್ತೀನಿ. ಕೈ ಹಾಕ್ಬೇಡಿ ಅದಕ್ಕೆ!"

ಕೈ ಹಾಕದೆ ಇರುವುದು ಅವನ ವಂಶದಲ್ಲೇ ಇರಲಿಲ್ಲ. ಶಾಲೆಯ ಚಾರ್ಟು ಅಂದರೆ ಅವರ ಮನೆಯಲ್ಲಿ ಮದುವೆ ಕೆಲಸ ಇದ್ದ ಹಾಗೆ. ಅವನು ಚಿಕ್ಕವನಿದ್ದಾಗ ಇಂಡಿಯಾ ಮ್ಯಾಪನ್ನು ಅತ್ತೆ ಬಿಡಿಸಿದ್ದರು. ಜ್ವಾಲಾಮುಖಿಯನ್ನು ಚಿಕ್ಕಪ್ಪ ಎಷ್ಟು ಚೆನ್ನಾಗಿ ಕಟ್ಟಿದ್ದರೆಂದರೆ ಪಕ್ಕದ ಮನೆಯವರು ಹೆದರಿ ಬಿಂದಿಗೆ ನೀರು ಸುರಿದಿದ್ದರು. ಹೊತ್ತುಕೊಂಡು ಹೋಗುವುದಷ್ಟೇ ಶ್ರೀಕರನ ಪಾಲಿನದು. ವೆರಿ ಗುಡ್ ಕೂಡ ಅವನ ಪಾಲಿಗೇ ಬರುತ್ತಿತ್ತು. ಅದನ್ನು ಅಲ್ಲಿ ಯಾರೂ ತಪ್ಪು ಅಂದುಕೊಂಡವರಲ್ಲ. ಮಗುವಿನ ಮೇಲಿನ ಪ್ರೀತಿ ಅಂದುಕೊಂಡವರು.

ದಪ್ಪ ಹಾಳೆ ತೆಗೆದ. ಸ್ಕೇಲ್ ಇಟ್ಟು ಗೆರೆ ಎಳೆದ. ಹೊಳೆಯುವ ಕಿತ್ತಳೆ, ತೋಳಿಗೆ ನೀಲಿ ಪಟ್ಟಿ, ಎದೆಯ ಮೇಲೆ ಸಿಂಹ. ಆ ಸಿಂಹದ ಮೀಸೆ ಎಷ್ಟು ಚೂಪಾಗಿ ಬಂತೆಂದರೆ ಒರೆಸಲು ಹೋದ ಬೆರಳು ತರಚಿತು. ಮಗಳ ಹಾಳೆಯನ್ನು ನಾಲ್ಕಾಗಿ ಮಡಚಿ, ಬೀದಿ ಕೊನೆಯಲ್ಲಿ ನೆಲದೊಳಗೆ ಹೂತಿಟ್ಟ, ಹಾಕಿದ್ದು ಮತ್ತೆ ಕೈಗೆ ಸಿಗದ ರದ್ದಿ ಕಾಗದದ ಡಬ್ಬಿಗೆ ಹಾಕಿ ಬಂದ. ಹೊಸ ಸುರುಳಿಗೆ ಹಳೇ ರಬ್ಬರ್ ಬ್ಯಾಂಡ್ ತೊಡಿಸಿದ.

ಸಂಜೆ ಧನು ಬಂದಳು, ಮೂಗಿನ ತನಕ ಕೆಸರು.

"ಮತ್ತೆ ಕೆಸರಾ?"

"ಸಾರಿ ಅಪ್ಪ. ನಾಳೆ ನಿಂಗೊಂದು ಸರ್‌ಪ್ರೈಸ್ ಇದೆ."

"ನಿಂಗೂ ಒಂದಿದೆ," ಎಂದು ಶ್ರೀಕರ ಕಣ್ಣು ಹೊಡೆದ.

ಮಾರನೆಯ ದಿನ ಅಪ್ಪ ಅಮ್ಮಂದಿರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಪದ್ಮಿನಿಗೆ ಆಫೀಸು, ಶ್ರೀಕರ ಒಬ್ಬನೇ ಬಂದಿದ್ದ. ಧನು ಎದುರಿಗೆ ಬಂದು, ಸುರುಳಿ ಬಿಚ್ಚದೆಯೇ, ಅಭ್ಯಾಸ ಮಾಡಿದ್ದನ್ನು ಡಚ್ಚಿನಲ್ಲಿ ಹೇಳಿದಳು. ಅಷ್ಟು ಡಚ್ಚು ಶ್ರೀಕರನಿಗೂ ಬರುತ್ತಿತ್ತು.

"ನನ್ನ ಜೆರ್ಸಿ ಅಂಗಡಿಯಿಂದ ಬರುವಾಗಲೇ ಕೆಸರಾಗಿರುತ್ತೆ. ಎಲ್ಲ ಕಡೆ. ಅದಕ್ಕೇ ನಮ್ಮ ತಂಡದವರು ಬೀಳಕ್ಕೆ ಹೆದರಲ್ಲ. ಬಿದ್ದರೂ ಗೊತ್ತಾಗಲ್ಲ. ಮನೆಗೆ ಹೋದಾಗ ಅಪ್ಪ ಬಯ್ಯಲ್ಲ."

ಎಲ್ಲರೂ ಮೆಚ್ಚಿ ನಕ್ಕರು. ಬೇಡ, ಬಿಚ್ಚಬೇಡ ಕಂದಾ, ಅಂದುಕೊಂಡ ಶ್ರೀಕರ. ಅಷ್ಟರಲ್ಲಿ ಧನು ರಬ್ಬರ್ ಬ್ಯಾಂಡ್ ಜಾರಿಸಿದ್ದಳು.

ಫಳಫಳ ಕಿತ್ತಳೆ. ಒಂದು ಚುಕ್ಕಿ ಕಲೆಯಿಲ್ಲ. ಧನು ಹಾಳೆಯನ್ನು ನೋಡಿದಳು. ತನ್ನದು ಹಿಂದುಗಡೆ ಇರಬಹುದೇನೋ ಅಂತ ತಿರುಗಿಸಿಯೂ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ಕೆಸರೆಲ್ಲಿ?" ಎಂದಳು ಮುಂದೆ ಕೂತಿದ್ದ ಫೆಮ್ಕೆ.

"ಅಪ್ಪ ಒಗೆದುಬಿಟ್ಟ," ಎಂದಳು ಧನು.

ಆಗ ಎದ್ದ ನಗುವಿಗೆ ಹೊರಗೆ ಕಾಲುವೆಯ ಬಾತುಕೋಳಿಗಳು ಹಾರಿಹೋದವು. ಶ್ರೀಕರನೂ ನೆಲ ನೋಡುತ್ತಾ ನಕ್ಕ. ನಗದವರು ಇಬ್ಬರೇ, ಮಗಳು ಮತ್ತು ಯುಫ್ ಆನ್ನೆಕೆ.

"ಇದನ್ನು ಅಂಟಿಸೋಣವಾ ಧನು?" ಯುಫ್ ಟೇಪು ಹಿಡಿದು ಮೆಲ್ಲಗೆ ಕೇಳಿದಳು.

ಮಗಳು ತಲೆಯಾಡಿಸಿದಳು. ಹೌದು ಅಂತ.

ಶ್ರೀಕರ ಎದ್ದು ನಿಂತ. ಕುರ್ಚಿಯೂ ಅವನ ಜೊತೆಗೇ ಎದ್ದಿತು. ಒಡಕು ಡಚ್ಚಿನಲ್ಲಿ, "ಅದು ನನ್ನದು. ಅವಳದನ್ನು ನಾನು ಎಸೆದೆ," ಎಂದ. ಈ ಸಲ ಯಾರೂ ನಗಲಿಲ್ಲ. ಯುಫ್ ಬಯ್ಯಲೂ ಇಲ್ಲ. ಹಾಳೆಯನ್ನು ಸುತ್ತಿ ಅವನ ಕೈಗೇ ಕೊಟ್ಟು, "ಕಿಟಕಿಯಲ್ಲಿ ಒಂದು ಗಾಜು ಖಾಲಿ ಬಿಡುತ್ತೇನೆ. ಅವಳಿಗೆ ಮನಸ್ಸಾದಾಗ ಬರೆಯಲಿ," ಎಂದಳು.

ಮನೆಗೆ ಬಂದವನೇ ಮಗಳ ಮುಂದೆ ಹೊಸ ಹಾಳೆ, ಬಣ್ಣ ಎಲ್ಲ ಇಟ್ಟ.

"ಬರಿ ಪುಟ್ಟಾ. ಎಷ್ಟು ಬೇಕೋ ಅಷ್ಟು ಕೆಸರು ಹಾಕು. ನಾನು ಈ ಕಡೆ ತಲೆ ಹಾಕಲ್ಲ."

"ಬೇಡ ಅಪ್ಪ."

"ಕೋಪಾನಾ?"

"ಇಲ್ಲ. ಹೆಂಗೆ ಬರೆದಿದ್ದೆ ಅಂತ ಮರೆತೋಯ್ತು," ಎಂದು ಧನು ಬೂಟು ಹಾಕಿಕೊಂಡು ಮೈದಾನಕ್ಕೆ ಹೊರಟಳು.

ಸ್ವಲ್ಪ ಹೊತ್ತಿಗೆಲ್ಲ ಮಳೆ ಹಿಡಿಯಿತು. ಶ್ರೀಕರ ಹಳೇ ಟವೆಲನ್ನು ಬಾಗಿಲಿಗೆ ಹಾಸಿ, ವಾಷಿಂಗ್ ಮಷೀನಿನ ಬಾಯಿ ತೆಗೆದಿಟ್ಟು ಕಾದ. ಇವತ್ತು ಒಂದು ಮಾತೂ ಆಡುವುದಿಲ್ಲ, ತಬ್ಬಿಕೊಂಡುಬಿಡುತ್ತೇನೆ, ನನ್ನ ಅಂಗಿಯೂ ಕೆಸರಾಗಲಿ, ಅಂತ.

ಬಾಗಿಲ ಕರೆಗಂಟೆ ಸದ್ದಾಯಿತು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಾ ಧನು ಟವೆಲ್ ಮೇಲೆ ನಿಂತಿದ್ದಳು. ಒಂದೊಂದೇ ಕಾಲೆತ್ತಿ ತೋರಿಸಿದಳು. ಬಿಳೀ ಕಾಲುಚೀಲ ಹೋಗುವಾಗ ಹೇಗಿತ್ತೋ ಹಾಗೇ ಬಿಳಿ.

"ನೋಡಪ್ಪ, ಒಂದ್ ಸಲಾನೂ ಬೀಳ್ಲಿಲ್ಲ."

ಶ್ರೀಕರ ಬಗ್ಗಿ ಅವಳ ಬೂಟು ಬಿಚ್ಚಿದ. ಮಗುಚಿ ನೋಡಿದ. ಅಡಿಯ ಮುಳ್ಳುಗಳ ಸಂದಿಯಲ್ಲೂ ಮೈದಾನದ ಚೂರು ಮಣ್ಣಿರಲಿಲ್ಲ.

ಏನು ಮುಖ ನೋಡುತ್ತೀರಿ? ನಂಬದಿದ್ದರೆ ಬಿಡಿ. ಆದರೆ ಹಾಗೇ ಎದ್ದು ಹೋಗುವಂತಿಲ್ಲ. ನಿಮ್ಮ ಷೋಕೇಸಿನಲ್ಲಿ ಮಗುವಿನ ಪ್ರೈಜು ಹೊಳೆಯುತ್ತಾ ನಿಂತಿದೆಯಲ್ಲ, ಅದರ ಚಾರ್ಟು ಬರೆದ ಕೈ ಯಾರದು ಅಂತ ಹೇಳಿ, ಆಮೇಲೆ ಚಪ್ಪಲಿ ಹುಡುಕಿಕೊಳ್ಳಿ.