ವಾಪಸ್ ಬಂದ ಗೋಲಿ

ಶಿಕ್ಷಕರ ತರಬೇತಿಯಲ್ಲಿ ಅತ್ತೆ ಸೊಸೆಯರನ್ನು ಒಂದೇ ಮೇಜಿಗೆ ಹಾಕಿದವರಿಗೆ ಸಂಸಾರದ ಅನುಭವ ಇದ್ದಿರಲಾರದು. ಚೀಟಿ ಎತ್ತಿದಾಗ ಹಾಗೆ ಬಂತು, ಅಷ್ಟೆ. ಇಬ್ಬರೂ ವಿಜ್ಞಾನದ ಮೇಡಂಗಳು. ಅತ್ತೆ ಊರಿನ ಈ ತುದಿಯ ಶಾಲೆಯಲ್ಲಿ, ಸೊಸೆ ಆ ತುದಿಯ ಶಾಲೆಯಲ್ಲಿ. ಬೆಳಿಗ್ಗೆ ಗ್ಯಾಸ್ ಆರಿಸಿದ್ದು ಯಾರು, ಆರಿಸದೇ ಬಿಟ್ಟದ್ದು ಯಾರು ಎಂದು ಜಗಳವಾಡಿಕೊಂಡೇ ಒಂದೇ ಬಸ್ಸಿನಲ್ಲಿ ಬಂದಿದ್ದರು.

ತರಬೇತಿಯ ಹೆಸರು ಭಾರಿಯಾಗಿತ್ತು: ಕಣ ಭೌತಶಾಸ್ತ್ರದ ಪ್ರಯೋಗಗಳು. ಮೇಜಿನ ಮೇಲೆ ನೋಡಿದರೆ ಗೋಲಿ, ರಟ್ಟು, ಹಲಗೆ.

"ಗೋಲಿ ಆಡ್ಸೋಕೆ ರಜಾ ದಿನ ಕರೆಸಿದ್ದಾರೆ ನೋಡು," ಎಂದು ಅತ್ತೆ ಗೊಣಗಿದರು.

"ಮೆಲ್ಲಗೆ ಅತ್ತೆ, ಕೇಳಿಸುತ್ತೆ."

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಪಾಠ ಮಾಡಲು ಬಂದಿದ್ದ ವಿಜ್ಞಾನಿ ಕಡ್ಡಿಯಂಥ ಹುಡುಗ. ಅವನು ಕೋಪಿಸಿಕೊಳ್ಳದೆ ಎಲ್ಲರನ್ನೂ ಸುಮ್ಮನಿರಲು ಹೇಳಿ, ಮುಂದಿನ ಮೇಜಿನ ಮೇಲಿದ್ದ ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯ ಗುಂಡಿ ಒತ್ತಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗಿ 'ಟಿಕ್' ಎಂದಿತು. ಮತ್ತೆ ಸುಮ್ಮನೆ. ಮತ್ತೆ 'ಟಿಕ್ ಟಿಕ್'.

"ಆಕಾಶದಿಂದ ಬಂದ ಒಂದೊಂದು ಕಣ ಈ ಚಾವಣಿ ತೂರಿ, ಪೆಟ್ಟಿಗೆ ತೂರಿ ಹೋದಾಗಲೂ ಹೀಗೆ ಸದ್ದಾಗುತ್ತೆ," ಎಂದ.

ಅತ್ತೆ ಗೊಣಗುವುದನ್ನು ಬಿಟ್ಟು ಮುಂದಕ್ಕೆ ಬಾಗಿದರು. 'ಬಾಹ್ಯಾಕಾಶದಿಂದ ಕಣಗಳು ಸದಾ ಭೂಮಿಗೆ ಸುರಿಯುತ್ತಿರುತ್ತವೆ' ಎಂದು ಅವರು ವರ್ಷ ವರ್ಷವೂ ಮಕ್ಕಳಿಗೆ ಬರೆಸಿದ್ದರು, ಕೆಳಗೆ ಗೆರೆ ಎಳೆಸಿದ್ದರು. ಆ ಸಾಲು ಎದುರಿಗೆ ಕೂತು ಟಿಕ್ ಎನ್ನುವುದನ್ನು ಒಮ್ಮೆಯೂ ಕೇಳಿರಲಿಲ್ಲ. ಅವರ ಶಾಲೆಯ ಪ್ರಯೋಗಶಾಲೆಯೆಂದರೆ ಒಂದು ಬೀರು. ಅದರಲ್ಲಿ ಕುಂಟು ತಕ್ಕಡಿ, ಮೊಳೆಯನ್ನೂ ಎತ್ತದ ಅಯಸ್ಕಾಂತ, ಬಾಟಲಿಯಲ್ಲಿ ಬಿಳಿಚಿಕೊಂಡ ಕಪ್ಪೆ.

"ಇರೋದು ಇದೊಂದೇ ಯಂತ್ರ," ಎಂದ ವಿಜ್ಞಾನಿ. "ಇವತ್ತು ಗೆದ್ದ ಮೇಜಿಗೆ ಒಂದು ವರ್ಷ ಕೊಡ್ತೀವಿ."

ಅತ್ತೆ ಸೆರಗು ಬಿಗಿದು ಸಿಕ್ಕಿಸಿಕೊಂಡರು. ಸೊಸೆ ಆಗಲೇ ಗೋಲಿಗಳನ್ನು ಹತ್ತಿರ ಎಳೆದುಕೊಂಡಿದ್ದಳು.

"ಗೆದ್ರೆ ಯಾರ ಶಾಲೆಗೆ?" ಎಂದರು ಅತ್ತೆ.

"ಮೊದಲು ಗೆಲ್ಲೋಣ."

"ಮಾತು ಮೊದಲೇ ಆಗ್ಬೇಕು. ಯಾರು ಹೇಳಿದ್ದು ಸರಿಯಾಗುತ್ತೋ ಅವರ ಶಾಲೆಗೆ."

"ಆಗ್ಲಿ. ಆಮೇಲೆ ನಿಮ್ಮ ಮಗನ ಹತ್ರ ಪಂಚಾಯ್ತಿ ಇಡಬಾರದು."

ಆಟ ಹೀಗಿತ್ತು. ಚೌಕಾಕಾರದ ಹಲಗೆಯೊಂದು ನಾಲ್ಕು ಮೂಲೆಯಲ್ಲೂ ಗುಬುಟೆಂಬ ಪುಟ್ಟ ಮರದ ಕಾಲಿನ ಮೇಲೆ ನಿಂತಿತ್ತು. ಅಡಿಯಲ್ಲಿ ಗೋಲಿ ಹೋಗುವಷ್ಟು ಸಂದಿ. ಕೆಳಗೆ ಏನನ್ನೋ ಅಂಟಿಸಿದ್ದರು, ಎಲ್ಲ ಮೇಜಿಗೂ ಒಂದೇ ತರಹ. ಹಲಗೆ ಎತ್ತಬಾರದು, ಬಗ್ಗಿ ನೋಡಬಾರದು. ಮಡಚಿದ ರಟ್ಟಿನ ಜಾರುಬಂಡಿಯಿಂದ ಗೋಲಿಯನ್ನು ನೇರವಾಗಿ ಒಳಗೆ ಬಿಡಬೇಕು, ಎಲ್ಲಿ ಹೊರಬಂತೋ ಅಲ್ಲಿ ಗುರುತು ಹಾಕಬೇಕು. ಅಷ್ಟರಿಂದಲೇ ಒಳಗಿರುವುದು ಏನೆಂದು ಹೇಳಬೇಕು. ಪರಮಾಣುವಿನ ಹೊಟ್ಟೆಯೊಳಗೆ ಏನಿದೆ ಎಂದು ಹುಡುಕುವುದೂ ಹೀಗೆಯೇ, ಅದರ ಮುಚ್ಚಳವನ್ನು ತೆಗೆದು ತೋರಿಸುವವರು ಯಾರೂ ಇಲ್ಲ ಎಂದ ವಿಜ್ಞಾನಿ.

ನಡುವೆ ಬಿಟ್ಟ ಗೋಲಿ ಎಡಕ್ಕೆ ಓರೆಯಾಗಿ ಹೊರಬಂತು. ಕೊಂಚ ಸರಿಸಿ ಬಿಟ್ಟರೆ ಬಲಕ್ಕೆ. ಪಕ್ಕಗಳಲ್ಲಿ ಬಿಟ್ಟದ್ದೆಲ್ಲ ಸೀದಾ ಆಚೆಗೆ. ಅತ್ತೆಗೆ ಆಗಲೇ ಗೊತ್ತಾಗಿಹೋಯಿತು.

"ನಡುವೆ ಒಂದು ತ್ರಿಕೋನ. ಚೂಪು ನಮ್ಮ ಕಡೆಗಿದೆ. ಬರೆ, ಮುಗೀತು."

ಸೊಸೆ ಎಡ ಮೂಲೆಯ ಹತ್ತಿರ ಇನ್ನೊಂದು ಗೋಲಿ ಬಿಟ್ಟಳು. 'ಟಕ್' ಎಂದು ಸದ್ದಾಗಿ ಗೋಲಿ ವಾಪಸ್ ಬಂದು ಅವಳ ಬೆರಳಿಗೆ ತಗುಲಿತು.

"ಅತ್ತೆ, ಇಲ್ಲೂ ಏನೋ ಇದೆ."

"ನಿನ್ನ ಕೈ ನಡುಗಿರ್ಬೇಕು. ಗುಬುಟಿಗೆ ತಾಗಿದೆ. ಹೊಡೆದು ಹಾಕು."

"ಜಾರುಬಂಡಿ ಇರೋವಾಗ ಕೈ ಹೇಗೆ ನಡುಗುತ್ತೆ?"

"ವಾದ ಬೇಡ. ಒಂದು ರೀಡಿಂಗ್ ಎಡವಟ್ಟಾದ್ರೆ ಬಿಟ್ಟುಬಿಡೋದೇ. ನಿಮ್ಮ ಶಾಲೇಲಿ ಬಿಡಲ್ವೋ?"

ಸೊಸೆ ಮತ್ತೆ ಬಿಟ್ಟಳು, ಗೋಲಿ ಸೀದಾ ಹೋಯಿತು. ಇನ್ನೊಮ್ಮೆಯೂ ಸೀದಾ ಹೋಯಿತು. ಜಾರುಬಂಡಿ ಎಷ್ಟು ಸರಿದಿತ್ತೋ ಯಾರಿಗೆ ಗೊತ್ತು. ಅತ್ತೆ ಗೆದ್ದ ಮುಖ ಮಾಡಿಕೊಂಡು ಆ ಗುರುತಿನ ಮೇಲೆ ಗೆರೆ ಎಳೆದರು.

"ನಾನು ಮಾತ್ರ ಮೂಲೇಲಿ ಏನೋ ಇದೆ ಅಂತಾನೇ ಹೇಳೋದು," ಎಂದು ಸೊಸೆ ಮುಖ ಊದಿಸಿಕೊಂಡು ಚಹಾ ತರಲು ಎದ್ದುಹೋದಳು.

ಒಂಟಿಯಾದ ಅತ್ತೆ, ಸೊಸೆಯ ಹಟ ಮುರಿಯಬೇಕೆಂದೇ ಜಾರುಬಂಡಿಯನ್ನು ಕೂದಲೆಳೆಯಷ್ಟು ಸರಿಸಿ ಗೋಲಿ ಬಿಟ್ಟರು. ಸೀದಾ. ಇನ್ನಷ್ಟು ಸರಿಸಿದರು.

ಟಕ್.

ಗೋಲಿ ಅವರ ಅಂಗೈಗೇ ಬಂದು ಕೂತಿತು.

ಅತ್ತೆ ಸುತ್ತ ನೋಡಿದರು. ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಈ ಮೇಜಿನ ಉತ್ತರ ತ್ರಿಕೋನ. ಅದು ಸರಿ ಎಂದು ವಿಜ್ಞಾನಿ ಒಪ್ಪಿಬಿಟ್ಟರೆ ಯಂತ್ರ ತಮ್ಮ ಬೀರುವಿಗೆ. ಮುಂದಿನ ಮೇಜಿನಲ್ಲಿ ಅದು ಟಿಕ್ ಎಂದು ಕರೆಯುತ್ತಲೇ ಇತ್ತು. ಆದರೆ ಕೈ ಆಗಲೇ ಗೋಲಿಯನ್ನು ಮತ್ತೆ ಅದೇ ಜಾಗದಲ್ಲಿ ಬಿಟ್ಟಿತ್ತು. ಮತ್ತೆ ಟಕ್. ಮತ್ತೆ ಅಂಗೈಗೆ. ಕಣ್ಣಿಗೆ ಕಾಣದ್ದೊಂದು ಒಳಗೆ ಕೂತುಕೊಂಡು ಕೇಳಿದಾಗಲೆಲ್ಲ ಉತ್ತರ ಕೊಡುತ್ತಿತ್ತು. ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಾದರೂ ಹೇಗೆ?

"ಲೇ, ಬಾರೇ ಇಲ್ಲಿ," ಎಂದು ಕೋಣೆಯೇ ತಿರುಗಿ ನೋಡುವಂತೆ ಕೂಗಿದರು. "ಚಹಾ ಹಾಳಾಗ್ಲಿ, ಬಾ."

ಓಡಿಬಂದ ಸೊಸೆಗೆ ಮತ್ತೊಮ್ಮೆ ಬಿಟ್ಟು ತೋರಿಸಿದರು. ಅವಳು ಲೋಟ ಕೆಳಗಿಟ್ಟದ್ದೂ ನೆನಪಿಲ್ಲದಂತೆ ಕೂತಳು. ಆಮೇಲೆ ಇಬ್ಬರನ್ನೂ ಹಿಡಿಯುವವರಿರಲಿಲ್ಲ. ಸೊಸೆ ಜಾರುಬಂಡಿ ಸರಿಸುವುದು, ಅತ್ತೆ ಗೋಲಿ ಬಿಡುವುದು. ಬೆರಳಗಲದ ಸಂದಿಯನ್ನೂ ಬಿಡಲಿಲ್ಲ. ಪಕ್ಕದ ಕಡೆಯಿಂದಲೂ ಬಿಟ್ಟು ನೋಡಿದರು, ಅಲ್ಲೂ ಟಕ್. ಎರಡೂ ಕಡೆಯ ಗೋಲಿಯ ದಾರಿಗೆ ಗೆರೆ ಎಳೆದು, ಅವು ಕೂಡಿದ ಕಡೆ ಸೊಸೆ ಹೆಬ್ಬೆರಳಷ್ಟು ಸಣ್ಣ ಚೌಕದ ಚಿತ್ರ ಬರೆದಳು.

"ಇಷ್ಟೇ ಇಷ್ಟಿದೆ ಅತ್ತೆ."

"ಇಷ್ಟಿದ್ಕೊಂಡು ಹೇಗೆ ಒದೀತು ನೋಡು, ನಿನ್ನ ಹಾಗೆ."

ಗೆದ್ದವರನ್ನು ಆರಿಸುವ ಪರೀಕ್ಷೆಯ ಹೊತ್ತಿಗೆ ವಿಜ್ಞಾನಿ ಅದೇ ತರಹದ ತನ್ನ ಹಲಗೆಯ ಎಡ ಮೂಲೆಯ ಹತ್ತಿರ ಸೀಮೆಸುಣ್ಣದ ಗುರುತು ಹಾಕಿದ. "ಇಲ್ಲಿಂದ ಬಿಟ್ರೆ ಗೋಲಿ ಎಲ್ಲಿ ಹೊರಬರುತ್ತೆ?"

ಉಳಿದ ಮೇಜುಗಳೆಲ್ಲ ಸೀದಾ ಎದುರಿಗೆ ಎಂದವು.

"ಬಿಟ್ಟವರ ಕೈಗೇ ಬರುತ್ತೆ," ಎಂದರು ಅತ್ತೆ.

ಪಕ್ಕದ ಮೇಜಿನ ದಪ್ಪ ಮೀಸೆಯ ಮೇಷ್ಟ್ರು ನಕ್ಕರು. "ಮೇಡಂ, ಅದೇನು ಸಾಕಿದ ಗೋಲಿಯೇ?"

ವಿಜ್ಞಾನಿ ಗೋಲಿ ಬಿಟ್ಟ. ಸೊಸೆ ಅತ್ತೆಯ ಮುಂಗೈಯನ್ನು ಉಗುರು ಊರುವಂತೆ ಹಿಡಿದಿದ್ದಳು. ಟಕ್ ಎಂದು ಸದ್ದಾಯಿತು. ಗೋಲಿ ಹೋದ ದಾರಿಯಲ್ಲೇ ಉರುಳಿ ಬಂದು ಅವನ ಕೈಯಲ್ಲಿ ನಿಂತಿತು.

ಮೀಸೆ ಮೇಷ್ಟ್ರು ತಲೆ ಕೆರೆದುಕೊಂಡರು. "ನಮ್ಮ ಮೇಜಲ್ಲೂ ಒಂದ್ಸಲ ಹೀಗೇ ಆಗಿತ್ತು ಕಣ್ರೀ. ಹೊಡೆದು ಹಾಕಿಬಿಟ್ವಿ."

ವಿಜ್ಞಾನಿ ಪೆಟ್ಟಿಗೆ ಹಿಡಿದು ಬಂದು, "ಯಾವ ಶಾಲೆಯ ಹೆಸರು ಬರೀಲಿ?" ಎಂದ.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಗದರಿದರು. "ಇವಳದ್ದೇ ಬರೀರಿ. ಮೊದಲು ಹೇಳಿದ್ದು ಇವಳು. ಹೊಡೆದು ಹಾಕಿದ್ದು ನಾನು."

"ಅತ್ತೆ, ಆರು ತಿಂಗಳು ನಿಮಗೆ..."

"ಮಾತು ಅಂದ್ರೆ ಮಾತು." ಅತ್ತೆ ವಿಜ್ಞಾನಿಯ ಕಡೆ ತಿರುಗಿದರು. "ನೀವು ಹೇಳಿ, ಈ ಹಲಗೆ ಮಾಡ್ಸೋಕೆ ಏನೇನು ಬೇಕು?"

ವಿಜ್ಞಾನಿಗೆ ನಗು ಬಂತು. "ಪ್ಲೈವುಡ್ಡು, ಅಂಟು, ನಾಲ್ಕು ಗುಬುಟು."

ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಬಡಗಿಯ ಅಂಗಡಿ ಇತ್ತು. ಸೊಸೆ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಹೊರಗೆ ನಿಂತಿದ್ದಳು. ಅತ್ತೆ ಒಳಗೆ ನುಗ್ಗಿ, ಚೌಕ ಸೊಟ್ಟಗಿದ್ದರೆ ಹಲಗೆಯನ್ನು ಅವನ ತಲೆಗೇ ಎಸೆಯುವುದಾಗಿ ಬಡಗಿಗೆ ಮೊದಲೇ ಹೇಳಿ, ಮೂರು ಹಲಗೆ ಕೊಯ್ಯಿಸಿದರು. ಆಮೇಲೆ ಮರದ ಚೂರುಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೂ ಬೆರಳಿಂದ ಸವರಿ ನೋಡಿ ಆರಿಸತೊಡಗಿದರು.

"ಕೆಳಗೆ ಏನು ಅಂಟಿಸ್ತೀರಿ ಅತ್ತೆ?" ಎಂದು ಸೊಸೆ ಬಾಗಿಲಿಂದ ಕತ್ತು ಚಾಚಿದಳು.

ಅತ್ತೆ ಆರಿಸಿದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಆಕಡೆ ತಿರುಗು," ಎಂದರು. "ನಾಳೆ ಗೋಲಿ ಬಿಟ್ಟು ತಿಳ್ಕೊಳ್ಳುವಿಯಂತೆ."