ಓರೆಸ್ಟ್ ಸಾಗಹಾಕಿಸಿದ ಗೋಲ್‌ಕೀಪರ್

ಸಸ್ಕಾಚೆವಾನ್ ಪ್ರಾಂತ್ಯದ ನಮ್ಮ ಪುಟ್ಟ ಊರಿನ ಐಸ್ ಹಾಕಿ ತಂಡವನ್ನು ನಿಜವಾಗಿ ನಡೆಸುವುದು ಕಾಫಿ ಅಂಗಡಿಯಲ್ಲಿ ಕೂರುವ ನಾವು. ಪಾಪ, ಕೋಚ್‌ಗೆ ಮಾತ್ರ ಅದು ಗೊತ್ತಿಲ್ಲ. ನಮ್ಮಲ್ಲಿ ಮಹಾಪಂಡಿತನೆಂದರೆ ಓರೆಸ್ಟ್. ತಂಡಗಳ ನಡುವೆ ಆಟಗಾರರ ಅದಲುಬದಲಿಗೆ ಇರುವ ಜನವರಿಯ ಗಡುವು ಹತ್ತಿರವಾದಂತೆ ಅವನದು ಒಂದೇ ರಾಗ.

"ಆ ಗೋಲ್‌ಕೀಪರ್ ಕೋಲ್ಬೀನ ಮೊದ್ಲು ಸಾಗಹಾಕ್ರಪ್ಪಾ! ಮೊಣಕಾಲು ನೋವಂತೆ. ನೋವಲ್ಲ, ಮೈಗಳ್ಳತನ!"

"ನಿನ್ನ ಮನೇಲೇ ಇರೋನಲ್ವೇನೋ ಅವನು?" ಎಂದೆ.

ಹೊರಗಿನಿಂದ ಬಂದ ಆಟಗಾರರನ್ನು ಊರಿನವರೇ ಮನೆಯಲ್ಲಿಟ್ಟುಕೊಳ್ಳುವುದು ನಮ್ಮಲ್ಲಿನ ವಾಡಿಕೆ. ಎರಡು ವರ್ಷ ಕೋಲ್ಬಿಗೆ ಆಲೂಗಡ್ಡೆ ಹೂರಣದ ಪೆರೋಗಿ ಕಡುಬು ಬೇಯಿಸಿ ಹಾಕಿ, ಮೊಣಕಾಲಿಗೆ ಐಸ್ ಕಟ್ಟಿದವಳು ಓರೆಸ್ಟ್‌ನ ಹೆಂಡತಿ ಮಾರ್ನಿ.

"ಅದಕ್ಕೇ ಹೇಳ್ತಿರೋದು. ಫ್ರಿಜ್ ಹತ್ರ ಓಡೋವಾಗ ಆ ಕಾಲು ಚೆನ್ನಾಗೇ ಇರುತ್ತೆ!"

ತಂಡ ಅವನ ಮಾತು ಕೇಳಿತೋ ಏನೋ, ಕೋಲ್ಬಿಯನ್ನು ಪಕ್ಕದೂರಿನ ತಂಡಕ್ಕೆ ಕೊಟ್ಟುಬಿಟ್ಟಿತು. ಓರೆಸ್ಟ್ ನಮಗೆಲ್ಲ ಡೋನಟ್ ಕೊಡಿಸಿದ.

ಮುಂದಿನ ವಾರ ಅದೇ ತಂಡ ನಮ್ಮೂರಿಗೆ ಆಡಲು ಬಂತು. ಕೋಲ್ಬಿ ನಮ್ಮವರಿಗೆ ಒಂದು ಗೋಲನ್ನೂ ಹೊಡೆಯಲು ಬಿಡಲಿಲ್ಲ. ಪ್ರೇಕ್ಷಕರ ಎದುರು ಸಾಲಿನಲ್ಲಿ ಪಕ್ಕದೂರಿನ ತಂಡದ ಹಸಿರು ಜೆರ್ಸಿ ತೊಟ್ಟು, ಗಂಟಲು ಹರಿಯುವಂತೆ ಅವನ ಹೆಸರು ಕೂಗುತ್ತಿದ್ದವಳು ಮಾರ್ನಿ.

ಓರೆಸ್ಟ್ ಆಟದ ಕಡೆಯೇ ಕಣ್ಣು ನೆಟ್ಟು ಸಿಡುಕಿದ. "ಇಂಥಾ ಗೋಲ್‌ಕೀಪರ್‌ನ ಬಿಟ್ಟುಕೊಡಿ ಅಂದ ದಡ್ಡ ಯಾವನೋ?"

ನಾನು ಎದುರು ಸಾಲಿನತ್ತ ಕೈ ತೋರಿಸಿದೆ. "ಅವಳನ್ನ ಕೇಳು. ವಿಳಾಸ ಸಮೇತ ಹೇಳ್ತಾಳೆ."